ಹಡಗೆಷ್ಟು, ಕಡಲೆಷ್ಟು

ಕಾಖಂಡಕಿಯಿಂದ ಕಡಲು ದೂರ. ದನಿಯ ರುಚಿಯೇನೂ ದೂರವಲ್ಲ. ಕೀರ್ತನಕಾರ ಮಹಿಪತಿದಾಸರ ಊರು ನಮ್ಮದು; ತಂಬೂರಿಯ ಶ್ರುತಿ ಒಂದೆಳೆ ಜಾರಿದರೂ ಇಲ್ಲಿ ಕಿವಿ ನಿಮಿರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಹಲವಾಗಿ ಮರಳುತ್ತದಲ್ಲ, ಅದರಲ್ಲಿ ಕೈಯದೆಷ್ಟು, ಗುಮ್ಮಟದ್ದೆಷ್ಟು? ಆಳವಿಲ್ಲದ ನೀರಿನಲ್ಲಿ ಹಡಗಿನ ಸದ್ದು ಅಳೆಯುವವರು ಬಿಡಿಸುವ ಒಗಟೂ ಇದೇ. ನನಗೆ ಅದು ಅಪ್ಪಟ ಸಂಗೀತದ ಕೆಲಸ.

ಪಣಂಬೂರಿನ ಬಂದರಿನತ್ತ ಸಾಗುವ ಒಂದು ಸರಕು ಹಡಗನ್ನು ನೆನೆಯಿರಿ. ಪ್ರೊಪೆಲರಿನ ಅಲಗುಗಳ ಮೇಲೆ ಒತ್ತಡ ಕುಸಿದಾಗ, ನೀರು ಕಾಯದೆಯೇ ಆವಿಯ ಗುಳ್ಳೆಗಳಾಗುತ್ತದೆ. ಮರುಕ್ಷಣವೇ ಅವು ಕುಸಿಯುತ್ತವೆ. ಆ ಅಸಂಖ್ಯ ಸಿಡಿತಗಳೆಲ್ಲ ಬೆರೆತು ಒಂದು ದಟ್ಟವಾದ, ಮರಳುಮರಳಾದ ಸುಯ್ಲಾಗಿ ಹೊಮ್ಮುತ್ತವೆ. ಇನ್ನು ತಾಳ: ನಾಲ್ಕು ಅಲಗುಗಳು ನಿಮಿಷಕ್ಕೆ 120 ಸುತ್ತು ಸುತ್ತಿದರೆ ಸೆಕೆಂಡಿಗೆ ಎಂಟು ಮಿಡಿತ. ಆದರೆ 15 ಮೀಟರ್ ನೀರು, ಕೆಳಗೆ ಗಟ್ಟಿ ನೆಲವಿದ್ದರೆ ಸುಮಾರು 25 ಹರ್ಟ್ಜ್‌ಗಿಂತ ತಗ್ಗಿದ ದನಿ ಅಲ್ಲಿ ದೂರ ಸಾಗಲಾರದು. ಎಂಟರ ಮಿಡಿತ ಹುಟ್ಟಿದಲ್ಲೇ ಅಡಗಬೇಕು.

ಅಡಗುವುದಿಲ್ಲ! ಸುಯ್ಲನ್ನೇ ಕಿವಿಗೊಟ್ಟು ಕೇಳಿ. ಅದು ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ, ಸೆಕೆಂಡಿಗೆ ಸರಿಯಾಗಿ ಎಂಟು ಸಲ. ತಾನಾಗಿ ಸಾಗಲಾರದ ತಾಳ ಸುಯ್ಲಿನ ಹೆಗಲೇರಿ ಬಂದಿದೆ. ಇದನ್ನು ಮೊದಲು ಗುರುತಿಸಿದಾಗಿನ ಪುಲಕ ನನಗಿನ್ನೂ ಆರಿಲ್ಲ.

ಅಳೆಯುವವರ ಕುಸುರಿಯೂ ಅಷ್ಟೇ ಚೆಂದ. ಆಳ ಕಡಲಿಗೆಂದು 2016ರಲ್ಲಿ ಬಂದ ಐಎಸ್‌ಒ ಮಾನದಂಡ ಮೂರು ಹೈಡ್ರೋಫೋನುಗಳನ್ನು, ಅಂದರೆ ನೀರೊಳಗಿನ ಮೈಕುಗಳನ್ನು, 15, 30, 45 ಡಿಗ್ರಿ ಕೋನಗಳಲ್ಲಿ ಇಳಿಬಿಡುತ್ತದೆ. ತೆಳುನೀರಿನಲ್ಲಿ ಅದಕ್ಕೆಲ್ಲಿ ಜಾಗ? ಇಲ್ಲಿ ಹೈಡ್ರೋಫೋನನ್ನು ತಳದ ಬಳಿ ಕೂರಿಸುತ್ತಾರೆ. ಹರಿವಿಗೆ ಅದನ್ನು ಹಿಡಿದ ಹಗ್ಗ ತಂತಿಯಂತೆ ಮಿಡಿಯಬಾರದೆಂದು ಹಗ್ಗದ ಉದ್ದಕ್ಕೂ ನೂಲಿನ ಕುಚ್ಚು ಕಟ್ಟುವುದುಂಟು. ಆ ಕುಚ್ಚಿನ ಮೇಲೆ ನನಗೆ ವಿಶೇಷ ಅಕ್ಕರೆ. ಹಡಗು ವೇಗ ಕದಲಿಸದೆ ಎಡಬದಿ ತೋರಿಸಿ ಒಮ್ಮೆ, ಬಲಬದಿ ತೋರಿಸಿ ಒಮ್ಮೆ ಹಾಯಬೇಕು. ಅದು ದೂರವಿದ್ದಾಗ ಕಡಲಿನ ಸ್ವಂತ ಸದ್ದನ್ನೂ, ಸಿಗಡಿಗಳ ಚಟಚಟದ ಸಮೇತ, ಬರೆದಿಟ್ಟುಕೊಳ್ಳಬೇಕು.

ಆಮೇಲೆ ಪರದೆಯ ಮೇಲೆ ಸ್ಪೆಕ್ಟ್ರೋಗ್ರಾಮ್, ಅಂದರೆ ದನಿಯ ಚಿತ್ರ, ಮೂಡುತ್ತದೆ. ನೇರ ಬಂದ ದನಿ, ನೀರಿನ ಮೇಲ್ಮೈಗೆ ಬಡಿದು ತಲೆಕೆಳಗಾಗಿ ಮರಳಿದ ದನಿ, ತಳದ ಮರಳು ಒಂದಿಷ್ಟು ಕುಡಿದು ಬಿಟ್ಟುಕೊಟ್ಟ ದನಿ, ಈ ಮೂರೂ ಒಂದರೊಳಗೊಂದು ಹೆಣೆದು, ಹಡಗು ಹತ್ತಿರವಾದಂತೆ ಬಾಗುತ್ತ, ದೂರವಾದಂತೆ ಬಿಚ್ಚಿಕೊಳ್ಳುತ್ತ, ಕಪ್ಪು-ಬಿಳುಪಿನ ನೀಳ ಗೆರೆಗಳಾಗಿ ಹರಡುತ್ತವೆ. ನೋಡಿದಷ್ಟೂ ಸಾಲದು.

ಆ ಗೆರೆಗಳಿಂದ ಮೇಲ್ಮೈ ಮತ್ತು ತಳದ ಪಾಲನ್ನು ಲೆಕ್ಕ ಹಾಕಿ ಕಳೆದರೆ ಉಳಿಯುವುದು ಹಡಗಿನದೇ ದನಿ. ಅದನ್ನು ಒಂದು ಮೀಟರ್ ದೂರದಲ್ಲಿ ಕೇಳಿದಂತೆ ಡೆಸಿಬೆಲ್‌ನಲ್ಲಿ ಬರೆಯುತ್ತಾರೆ. ಹಾಗೆ ಬರೆದ ಅಂಕಿಯನ್ನು ಬೇರೆ ನೀರಿಗೂ ಒಯ್ಯಬಹುದು: ಅದೇ ಹಡಗು ಕಾರವಾರದಲ್ಲಿ ಹಾದರೆ ಕಾಳಿ ನದಿ ಕಡಲು ಸೇರುವಲ್ಲಿ ಆಡುವ ಡಾಲ್ಫಿನ್‌ಗಳ ಕಿವಿಗೆ ಎಷ್ಟು ಬಿದ್ದೀತೆಂದು ಎಣಿಸಬಹುದು.