ನಾಯಕರನ್ನು ಕೊಡುವವರು ಯಾರು? ರೋಲಂಡ್ ಅಲೆನ್ ಅವರ ಗ್ರಂಥದ ಒಂದು ವಿಮರ್ಶೆ

ಸಭೆಯಲ್ಲಿ ಸಮರ್ಥ ನಾಯಕರನ್ನು ಬೆಳೆಸುವುದು ಹೇಗೆಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಇನ್ನಷ್ಟು ತರಬೇತಿ. ರೋಲಂಡ್ ಅಲೆನ್ ಅವರು 1912ರಲ್ಲಿ ಪ್ರಕಟಿಸಿದ ‘ಮಿಷನರಿ ಮೆಥಡ್ಸ್: ಸೇಂಟ್ ಪಾಲ್ಸ್ ಆರ್ ಅವರ್ಸ್?’ ಎಂಬ ಗ್ರಂಥವು ಈ ಉತ್ತರವನ್ನೇ ಸಂಶಯಿಸುತ್ತದೆ. ಸೆಮಿನರಿಗಳಲ್ಲಿ ಈ ಗ್ರಂಥದ ಹೆಸರು ಆಗಾಗ ಕೇಳಿಬರುತ್ತದೆಯಾದರೂ ಅದರ ವಾದವನ್ನು ಕಡೆಯವರೆಗೆ ಒರೆಗೆ ಹಚ್ಚಿ ನೋಡುವುದು ವಿರಳ. ಆ ಪ್ರಯತ್ನವನ್ನು ಇಲ್ಲಿ ಸಂಕ್ಷೇಪವಾಗಿ ಮಾಡಲಾಗಿದೆ.

ಅಲೆನ್ ಅವರು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಯಾಜಕರು; 1895ರಿಂದ ಉತ್ತರ ಚೀನಾದಲ್ಲಿ ಸೇವೆ ಸಲ್ಲಿಸಿ, ಅನಾರೋಗ್ಯದಿಂದ 1903ರಲ್ಲಿ ಸ್ವದೇಶಕ್ಕೆ ಮರಳಿದವರು. ಮಿಷನರಿಯ ಹಣ, ಅಧಿಕಾರ ಮತ್ತು ಸಂಸ್ಥೆಗಳನ್ನು ನೆಚ್ಚಿ ನಿಂತ ಸಭೆಗಳನ್ನು ಅಲ್ಲಿ ಕಂಡ ಅವರು, ಆ ಸ್ಥಿತಿಯನ್ನು ಅಪೊಸ್ತಲ ಪೌಲನ ಕಾರ್ಯದೊಡನೆ ಹೋಲಿಸಿದರು. ಪೌಲನು ಸುಮಾರು ಹತ್ತು ವರ್ಷಗಳಲ್ಲಿ ಗಲಾತ್ಯ, ಮಕೆದೋನ್ಯ, ಅಖಾಯ, ಆಸ್ಯ ಎಂಬ ನಾಲ್ಕು ಪ್ರಾಂತಗಳಲ್ಲಿ ಸಭೆಯನ್ನು ನೆಲೆಗೊಳಿಸಿ ಮುಂದಕ್ಕೆ ಹೊರಟುಹೋದನು. ವಿಶ್ವಾಸದ ಮೂಲೋಪದೇಶ, ಎರಡು ಸಂಸ್ಕಾರಗಳು, ಪವಿತ್ರ ಗ್ರಂಥ ಮತ್ತು ಸ್ಥಳೀಯ ಸೇವಾಧಿಕಾರಿಗಳು, ಇಷ್ಟನ್ನು ಮಾತ್ರ ಆ ಸಭೆಗಳಿಗೆ ಬಿಟ್ಟುಹೋದನು ಎಂಬುದು ಅಲೆನ್ ಅವರ ನಿರೂಪಣೆ. ಇದಕ್ಕೆ ಮುಖ್ಯ ಆಧಾರ ಅಪೊಸ್ತಲರ ಕೃತ್ಯಗಳು 14:23. ಲುಸ್ತ್ರ, ಇಕೋನ್ಯ ಮತ್ತು ಪಿಸಿದ್ಯದ ಅಂತಿಯೋಕ್ಯದ ಸಭೆಗಳು ಹುಟ್ಟಿ ಬಹುಕಾಲವಾಗಿರಲಿಲ್ಲ. ಆದರೂ ಹಿಂದಿರುಗುವ ದಾರಿಯಲ್ಲಿ ಪೌಲ ಬಾರ್ನಬರು ಪ್ರಾರ್ಥನೆ ಉಪವಾಸಗಳೊಂದಿಗೆ ಪ್ರತಿಯೊಂದು ಸಭೆಯಲ್ಲಿಯೂ ಹಿರಿಯರನ್ನು ನೇಮಿಸಿದರು. ಅವರು ಹೊರಗಿನಿಂದ ಬಂದವರಲ್ಲ. ಒಬ್ಬನೇ ಅಲ್ಲ, ಹಲವರು.

ಅಲೆನ್ ಅವರ ವಾದದ ಬಲವಿರುವುದು ಅದರ ದೇವಶಾಸ್ತ್ರೀಯ ತಳಹದಿಯಲ್ಲಿ. ಹೊಸ ವಿಶ್ವಾಸಿಗಳನ್ನು ಬಿಟ್ಟುಹೋಗಲು ಪೌಲನಿಗೆ ಧೈರ್ಯ ಬಂದದ್ದು ಅವರ ಯೋಗ್ಯತೆಯನ್ನು ನೋಡಿ ಅಲ್ಲ, ಅವರಲ್ಲಿ ನೆಲೆಸಿದ್ದ ಪವಿತ್ರಾತ್ಮನ ಮೇಲಣ ಭರವಸದಿಂದ. ಹಾಗಾದರೆ ನಾಯಕತ್ವದ ಕೊರತೆಯೆಂದು ನಾವು ಕರೆಯುವುದು ಎಷ್ಟೋ ವೇಳೆ ವರಗಳ ಕೊರತೆಯಲ್ಲ, ಕೊಡಲ್ಪಟ್ಟ ವರಗಳನ್ನು ಗುರುತಿಸಲು ಒಪ್ಪದಿರುವಿಕೆ. ಜವಾಬ್ದಾರಿಯನ್ನು ಹೊರದವನು ಅದನ್ನು ಹೊರಲು ಕಲಿಯಲಾರನು. ಕೊರಿಂಥದ ಘೋರ ಪಾಪದ ವಿಷಯದಲ್ಲಿಯೂ ಪೌಲನು ತೀರ್ಪನ್ನು ತಾನೊಬ್ಬನೇ ಜಾರಿಗೊಳಿಸದೆ, ಸಭೆಯೇ ಕೂಡಿಬಂದು ಕ್ರಮ ಕೈಕೊಳ್ಳಬೇಕೆಂದು ಆಗ್ರಹಿಸಿದನು. ಶಿಸ್ತಿನ ಅಧಿಕಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದರೆ ಆ ಸಭೆ ಎಂದಿಗೂ ಪ್ರೌಢವಾಗುತ್ತಿರಲಿಲ್ಲವೆಂಬ ಅಲೆನ್ ಅವರ ಒಳನೋಟ ಇಂದಿಗೂ ಸತ್ಯವಾಗಿದೆ.

ಆದರೆ ಗ್ರಂಥವು ಎರಡು ಕಡೆಗಳಲ್ಲಿ ಸೋಲುತ್ತದೆ.

ಮೊದಲನೆಯದು, ಸಿದ್ಧತೆಯ ಪ್ರಶ್ನೆ. ಪೌಲನ ಕೇಳುಗರಲ್ಲಿ ಅನೇಕರು ಸಭಾಮಂದಿರದಲ್ಲಿ ಬೆಳೆದವರು ಅಥವಾ ದೇವಭಯವುಳ್ಳ ಅನ್ಯಜನರು. ಈ ಆಕ್ಷೇಪವನ್ನು ಅಲೆನ್ ಅವರು ಕಾಣದವರಲ್ಲ. ಬಹುಮಂದಿ ವಿಗ್ರಹಾರಾಧನೆಯಿಂದಲೇ ಬಂದವರೆಂದು ಉತ್ತರಿಸುತ್ತಾರೆ. ಥೆಸಲೋನಿಕದ ಮಟ್ಟಿಗೆ ಆ ಉತ್ತರ ಸಲ್ಲುತ್ತದೆ. ಆದರೆ ತಿಮೊಥೆಯನನ್ನು ನೋಡೋಣ. ಅಜ್ಜಿ ಲೋವಿ, ತಾಯಿ ಯೂನಿಕೆ ಇವರ ಮನೆಯಲ್ಲಿ ಚಿಕ್ಕಂದಿನಿಂದಲೇ ಪರಿಶುದ್ಧ ಗ್ರಂಥಗಳನ್ನು ಅರಿತಿದ್ದವನು ಅವನು. ಬಳಿಕ ಪೌಲನ ಜೊತೆಯಲ್ಲಿ ವರ್ಷಗಟ್ಟಲೆ ನಡೆದು ಕಲಿತವನು. ಪೌಲನು ತಾನೂ ಎಲ್ಲೆಡೆಯಿಂದ ಬೇಗನೆ ಹೊರಟವನಲ್ಲ: ಕೊರಿಂಥದಲ್ಲಿ ಒಂದೂವರೆ ವರ್ಷವಿದ್ದನು, ಎಫೆಸದ ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ವಾದಿಸಿದನು. ಬಿಟ್ಟುಹೋಗುವ ಧೈರ್ಯದ ಜೊತೆಗೆ ಒಡನಿರುವ ತಾಳ್ಮೆಯೂ ಅವನ ವಿಧಾನದ ಭಾಗವೇ. ಅಲೆನ್ ಅವರು ಮೊದಲನೆಯದನ್ನು ಎತ್ತಿಹಿಡಿಯುವ ಭರದಲ್ಲಿ ಎರಡನೆಯದನ್ನು ಮಸುಕುಗೊಳಿಸುತ್ತಾರೆ.

ಸಭಾಧ್ಯಕ್ಷರ ಯೋಗ್ಯತೆಗಳ ಎರಡು ಪಟ್ಟಿಗಳು ಇಲ್ಲಿ ದಾರಿ ತೋರಬಲ್ಲವು. ಎಫೆಸದಲ್ಲಿದ್ದ ತಿಮೊಥೆಯನಿಗೆ ಬರೆದ ಪಟ್ಟಿಯಲ್ಲಿ, ಹೊಸದಾಗಿ ನಂಬಿದವನು ಅಧ್ಯಕ್ಷನಾಗಬಾರದೆಂಬ ಷರತ್ತಿದೆ. ಕ್ರೇತದಲ್ಲಿದ್ದ ತೀತನಿಗೆ ಬರೆದ ಪಟ್ಟಿಯಲ್ಲಿ ಆ ಷರತ್ತೇ ಇಲ್ಲ. ಕ್ರೇತದ ಸಭೆಗಳು ಇನ್ನೂ ಕ್ರಮಕ್ಕೆ ಬರಬೇಕಾಗಿದ್ದವು. ಅಲ್ಲಿ ಹಳೆಯ ವಿಶ್ವಾಸಿಗಳು ವಿರಳವಾಗಿದ್ದಿರಬಹುದು. ಆದರೆ ನಿಂದಾರಹಿತನಾಗಿರಬೇಕು, ಮನೆಯನ್ನು ಕ್ರಮವಾಗಿ ನಡೆಸಿರಬೇಕು, ದ್ರವ್ಯಾಶೆಯಿಲ್ಲದಿರಬೇಕು ಎಂಬವು ಎರಡೂ ಕಡೆ ಬದಲಾಗಿಲ್ಲ. ಅಂದರೆ ಕಾಲಾವಧಿಯು ಸನ್ನಿವೇಶಕ್ಕೆ ತಕ್ಕಂತೆ ಸಡಿಲಬಹುದು, ಶೀಲವು ಸಡಿಲಬಾರದು. ನಮ್ಮಲ್ಲಿ ಇದು ತಲೆಕೆಳಗಾಗಿದೆ: ಪದವಿಯ ವರ್ಷಗಳನ್ನು ಕಟ್ಟುನಿಟ್ಟಾಗಿ ಎಣಿಸುತ್ತೇವೆ, ಶೀಲದ ಪರೀಕ್ಷೆಯನ್ನು ಒಂದು ಪ್ರಮಾಣಪತ್ರಕ್ಕೆ ಬಿಟ್ಟುಕೊಡುತ್ತೇವೆ.

ಎರಡನೆಯದು, ಸ್ಥಳೀಯ ಅಧಿಕಾರದ ಪ್ರಶ್ನೆ. ಮಿಷನರಿಯು ಪಕ್ಕಕ್ಕೆ ಸರಿದರೆ ಸಭೆಯೇ ಎದ್ದುನಿಲ್ಲುವುದೆಂದು ಅಲೆನ್ ಅವರು ಬಹುಮಟ್ಟಿಗೆ ನಂಬುತ್ತಾರೆ. ಆದರೆ ಸರಿದವನ ಸ್ಥಳವನ್ನು ಆತ್ಮನ ವರವುಳ್ಳವರೇ ತುಂಬುವರೆಂಬ ಖಾತರಿಯಿಲ್ಲ. ಊರಿನಲ್ಲಿ ಮೊದಲೇ ಬಲವುಳ್ಳವರು ತುಂಬಬಹುದು. ಕೊರಿಂಥದಲ್ಲಿ ಕರ್ತನ ಭೋಜನದ ಪಂಕ್ತಿಯಲ್ಲಿಯೇ ಇದ್ದವರು ಹೊಟ್ಟೆತುಂಬ ಉಂಡರು, ಇಲ್ಲದವರು ನಾಚಿಕೆಪಟ್ಟರು. ಜಾತಿ ಮತ್ತು ಮನೆತನಗಳ ಭಾರವನ್ನು ಹೊತ್ತ ನಮ್ಮ ಸಮಾಜದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಭಾ ಸಮಿತಿಯ ಚುನಾವಣೆ ಸ್ವಾವಲಂಬನೆಯ ಗುರುತೆಂದು ನಾವು ಹೆಮ್ಮೆಪಡುವಾಗ, ಅದರಲ್ಲಿ ಗೆದ್ದದ್ದು ಸೇವೆಯೋ ಪಂಗಡವೋ ಎಂದು ಕೇಳಲೇಬೇಕಾಗಿದೆ.

ಈ ಕೊರತೆಗೆ ಮದ್ದು ಪೌಲನಲ್ಲಿಯೇ ಇದೆ. ಅದೇ ಪತ್ರದ ಕೊನೆಯಲ್ಲಿ ಅವನು ಅಖಾಯದ ಪ್ರಥಮಫಲವಾದ ಸ್ತೆಫನನ ಮನೆಯವರನ್ನು ನೆನೆಸಿ, ಅವರು ದೇವಜನರ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡವರಾದುದರಿಂದ ಅಂಥವರಿಗೆ ಅಧೀನರಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಇಲ್ಲಿ ಸೇವೆ ಮೊದಲು, ಮನ್ನಣೆ ನಂತರ. ಹುದ್ದೆ ಸಿಕ್ಕಿದ ಮೇಲೆ ಸೇವೆ ಮಾಡುವೆನೆಂಬವನಿಗೆ ಈ ಕ್ರಮದಲ್ಲಿ ಸ್ಥಳವಿಲ್ಲ.

ನಮ್ಮ ಚರಿತ್ರೆಯಲ್ಲಿಯೂ ಈ ಚರ್ಚೆಯ ಜಾಡುಗಳಿವೆ. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾಯ ಕೌಂಡಿನ್ಯರು 1846ರಲ್ಲಿ ಹೆರ್ಮನ್ ಮೋಗ್ಲಿಂಗರೊಡನೆ ಯೂರೋಪಿಗೆ ತೆರಳಿ, ಬಾಸೆಲ್ ಸೆಮಿನರಿಯಲ್ಲಿ ಓದಿ, 1851ರಲ್ಲಿ ಮಿಷನರಿಯಾಗಿ ಹಿಂದಿರುಗಿದರು. ಸ್ಥಳೀಯನು ನಾಯಕನಾಗಬಲ್ಲನೆಂಬುದಕ್ಕೆ ಇದು ಸಾಕ್ಷಿ; ಆ ದಾರಿ ಬಾಸೆಲಿನ ಮೂಲಕವೇ ಹಾದುಹೋಗಬೇಕಾಯಿತೆಂಬುದು ಅಲೆನ್ ಅವರು ಎತ್ತುವ ಪ್ರಶ್ನೆ. ಅಲೆನ್ ಅವರ ಗ್ರಂಥ ಹೊರಬಂದ 1912ರಲ್ಲಿಯೇ ವಿ. ಎಸ್. ಅಜರಯ್ಯ ಅವರು ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪರಾಗಿ ದೋರ್ನಕಲ್ಲಿಗೆ ಅಭಿಷಿಕ್ತರಾದರು. ಹಳ್ಳಿಯ ಸೇವೆಗೆ ಹಳ್ಳಿಯವರನ್ನೇ, ಅವರ ಪತ್ನಿಯರ ಸಹಿತ, ಅಲ್ಲಿ ಸಿದ್ಧಪಡಿಸಲಾಯಿತು. ತರಬೇತಿಯನ್ನು ಬಿಡದೆ, ಅದನ್ನು ಸಭೆಯ ಬಾಳಿನಿಂದ ಕೀಳದೆ ನಡೆಸಬಹುದೆಂಬುದಕ್ಕೆ ಅದು ಒಂದು ನಿದರ್ಶನ.

ಆದಕಾರಣ ಅಲೆನ್ ಅವರ ಗ್ರಂಥವು ಸೆಮಿನರಿಗಳನ್ನು ಮುಚ್ಚಲು ಕೊಟ್ಟ ಕಾರಣವಲ್ಲ. ಅವುಗಳ ಕೆಲಸವೇನೆಂದು ಕೇಳುವ ಪ್ರಶ್ನೆ. ಇಲ್ಲಿಂದ ಹೊರಡುವವನು ತಿಮೊಥೆಯನಂತೆ, ತೀತನಂತೆ ಹಿರಿಯರನ್ನು ಗುರುತಿಸಿ ಸಿದ್ಧಪಡಿಸುವವನಾಗಬೇಕು. ಹಿರಿಯರ ಕೆಲಸವನ್ನೆಲ್ಲ ತಾನೇ ಹೊತ್ತುಕೊಂಡು ಬಳಲುವವನಲ್ಲ. ಇತ್ರೋವನು ಮೋಶೆಗೆ ಹೇಳಿದ ಬುದ್ಧಿಯೂ ಇದೇ ಅಲ್ಲವೇ? ಒಬ್ಬ ಸಭಾಪಾಲಕನು ಹಲವು ಹಳ್ಳಿಗಳನ್ನು ನೋಡಿಕೊಳ್ಳಬೇಕಾದ ಕಡೆ, ಅವನು ಬರುವ ಭಾನುವಾರಕ್ಕಾಗಿ ಕರ್ತನ ಮೇಜು ಕಾಯುತ್ತಲೇ ಇರುತ್ತದೆ. ವೇತನವಿಲ್ಲದೆ ಸ್ವಂತ ದುಡಿಮೆಯಿಂದ ಬಾಳುವ ಸ್ಥಳೀಯ ಹಿರಿಯರಿಗೆ ಹಸ್ತಾರ್ಪಣೆ ಮಾಡಬೇಕೆಂದು ಅಲೆನ್ ಅವರು ಮುಂದೆಯೂ ವಾದಿಸಿದರು. ಅದನ್ನು ಒಪ್ಪುವುದೋ ಬಿಡುವುದೋ ಸಭಾಪ್ರಾಂತಗಳು ನಿರ್ಧರಿಸಬೇಕಾದ ವಿಷಯ. ಆದರೆ ನಿರ್ಧರಿಸದೆ ಕಾಲ ತಳ್ಳುವುದಕ್ಕೆ ನಮಗೆ ಅಪೊಸ್ತಲನ ಆಧಾರವಿಲ್ಲ. ವರ್ಗಾವಣೆಯ ಆಜ್ಞೆ ಬಂದ ದಿನ ಸಭಾಪಾಲಕನು ತಾನು ಕಟ್ಟಿಸಿದ ಕಟ್ಟಡಗಳನ್ನು ಎಣಿಸುವ ಮೊದಲು, ತಾನಿಲ್ಲದೆಯೂ ಹಿಂಡನ್ನು ಕಾಯಬಲ್ಲವರು ಎಷ್ಟು ಮಂದಿ ಇದ್ದಾರೆಂದು ಎಣಿಸಲಿ.