ಮಹಾವೀರಾಚಾರ್ಯನ ಸಂಖ್ಯಾಹಾರ: ಅಂದವೆಲ್ಲಿ, ಗಣಿತವೆಲ್ಲಿ?

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗ್ರಂಥ ‘ಗಣಿತಸಾರಸಂಗ್ರಹ’. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಹೊರತಂದರು. ಗುಣಾಕಾರದ ಭಾಗದಲ್ಲಿ ಒಂದು ಉದಾಹರಣೆ ಹೀಗಿದೆ:

27994681 × 441 = 12345654321

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಗ್ರಂಥಕಾರ ಕೊರಳಹಾರಕ್ಕೆ ಹೋಲಿಸುತ್ತಾನೆ. ಹೋಲಿಕೆ ಸೊಗಸಾಗಿದೆ. ಆದರೆ ಆ ಗುಣ್ಯವನ್ನು ಹೇಗೆ ಆರಿಸಲಾಯಿತು ಎಂಬುದು ಉದಾಹರಣೆಯಲ್ಲಿಲ್ಲ. ನಾವೂ ಅದನ್ನು ಚಮತ್ಕಾರವೆಂದು ಕರಿಹಲಗೆಯ ಮೇಲೆ ಬರೆದು ಬಿಟ್ಟುಬಿಟ್ಟರೆ ವಿದ್ಯಾರ್ಥಿಗೆ ದಕ್ಕುವುದು ಬೆರಗು ಮಾತ್ರ. ಕಾರಣವನ್ನು ಹುಡುಕೋಣ.

441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 × 5291 = 111111. ಅಂದರೆ ನಮ್ಮ ಹಾರ 111111ರ ವರ್ಗ! ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿ, ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿಸಿ ನೋಡಿ. ಕಂಬಸಾಲುಗಳ ಮೊತ್ತ 1ರಿಂದ 6ರವರೆಗೆ ಏರಿ ಮತ್ತೆ 1ಕ್ಕೆ ಇಳಿಯುತ್ತದೆ. ಎಲ್ಲಿಯೂ ದಶಕ ಒಯ್ಯಬೇಕಾಗಿಲ್ಲ. ಹಾರದ ಗುಟ್ಟು ಇಷ್ಟೇ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳ ವರ್ಗ 1234567900987654321. ಇಲ್ಲಿ ದಶಕ ಬಂದು ಹಾರ ಹರಿಯುತ್ತದೆ.

ಈಗ ಒಂದು ಪ್ರಶ್ನೆ. ಹಾರವಾಗಿರುವುದು ಸಂಖ್ಯೆಯ ಗುಣವೋ, ಬರವಣಿಗೆಯ ಗುಣವೋ? ಹತ್ತರ ಬದಲು ಏಳನ್ನು ಆಧಾರವಾಗಿಟ್ಟು 111111 ಎಂದು ಬರೆದರೆ ಅದರ ಬೆಲೆ ನಮ್ಮ ಲೆಕ್ಕದಲ್ಲಿ 19608. ಏಳರ ಆಧಾರದಲ್ಲಿ ಅದರ ವರ್ಗವೂ 12345654321 ಎಂದೇ ಕಾಣುತ್ತದೆ. ಆದರೆ ಅದನ್ನೇ ದಶಮಾನದಲ್ಲಿ ಬರೆದರೆ 384473664, ಹಾರ ಮಾಯ! ಆಧಾರ ಏಳು ಅಥವಾ ಅದಕ್ಕಿಂತ ಹೆಚ್ಚಿನದು ಯಾವುದಾದರೂ ಈ ವಿನ್ಯಾಸ ಸಿಗುತ್ತದೆ. ಆದ್ದರಿಂದ ಅದು ಬರವಣಿಗೆಗೆ ಸೇರಿದ್ದು.

ಬರವಣಿಗೆ ಬದಲಾದರೂ ಬದಲಾಗದ ಗುಣಗಳು ಬೇರೆ. 111111 = 3 × 7 × 11 × 13 × 37. ಹಾಗಾಗಿ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಬರುತ್ತವೆ. ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಬಾರಿ ಆರಿಸಬಹುದಾದ್ದರಿಂದ ಭಾಜಕಗಳ ಸಂಖ್ಯೆ 3 × 3 × 3 × 3 × 3 = 243. ಇದು ಬೆಸ, ಪೂರ್ಣವರ್ಗಗಳಿಗೆ ಮಾತ್ರ ಭಾಜಕಗಳ ಸಂಖ್ಯೆ ಬೆಸವಾಗಿರುತ್ತದೆ. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 13029870672, ಸಂಖ್ಯೆಗಿಂತ ಹೆಚ್ಚು. ಆದ್ದರಿಂದ ಇದು ಸಮೃದ್ಧ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಇಂಥವು ವಿರಳ; ಅವುಗಳಲ್ಲಿ ಅತಿ ಚಿಕ್ಕದು 945.

ಹಾಗೆಂದು ಹಾರವನ್ನು ಬರಿಯ ಆಟವೆಂದು ತಳ್ಳಿಹಾಕಬೇಕಿಲ್ಲ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇಂಥ ಗುಣಲಬ್ಧಕ್ಕೆ ಒಂದು ಉಪಯೋಗವಿತ್ತು: ಒಂದು ಅಂಕಿ ತಪ್ಪಿದರೂ ಹಾರ ಕೆಡುತ್ತದೆ, ಶಿಷ್ಯನಿಗೆ ತಪ್ಪು ತಾನಾಗಿ ಗೊತ್ತಾಗುತ್ತದೆ. ಉದಾಹರಣೆಯ ಹಿರಿಮೆ ಇದು.

ಶಿಕ್ಷಕ ಮಿತ್ರರೇ, ದೊಡ್ಡ ಸಂಖ್ಯೆಯೊಂದರ ವಿಶೇಷಗಳನ್ನು ಪಟ್ಟಿ ಮಾಡಿಸುವಾಗ ಎರಡು ಕಂಬಸಾಲು ಹಾಕಿಸಿ: ಬರವಣಿಗೆಯ ಗುಣ ಒಂದರಲ್ಲಿ, ಸಂಖ್ಯೆಯ ಗುಣ ಇನ್ನೊಂದರಲ್ಲಿ. ಅಂಕಿಗಳ ಮೊತ್ತ 36 ಎಂಬುದು ಮೊದಲನೆಯದಕ್ಕೆ; 9ರಿಂದ ಭಾಗವಾಗುತ್ತದೆ ಎಂಬುದು ಎರಡನೆಯದಕ್ಕೆ. ಮೊದಲನೆಯದು ಎರಡನೆಯದನ್ನು ಏಕೆ ತಿಳಿಸುತ್ತದೆ ಎಂದು ವಿದ್ಯಾರ್ಥಿಗಳು ಕೇಳಿದಾಗ ನಿಜವಾದ ಪಾಠ ಆರಂಭವಾಗುತ್ತದೆ.