ಉತ್ಪರಿವರ್ತನೆ, ಹೊಂದಾಣಿಕೆ, ವಿಕಾಸ: ಮೂರು ಶಬ್ದಗಳ ಅರ್ಥವಿಮರ್ಶೆ

ಶಾಸ್ತ್ರವೊಂದು ದೇಶಭಾಷೆಗೆ ಇಳಿದುಬರುವಾಗ ಪದಗಳು ಮೊದಲು ಬರುತ್ತವೆ. ಪದಾರ್ಥಗಳು ಅವುಗಳ ಹಿಂದೆ ಮೆಲ್ಲನೆ ಬರುತ್ತವೆ. ಈ ನಡುವಣ ಅವಧಿಯಲ್ಲಿ ಪದವು ತನ್ನ ಪೂರ್ವಾರ್ಥವನ್ನೇ ಹೊತ್ತುಕೊಂಡು ಹೊಸ ಶಾಸ್ತ್ರದಲ್ಲಿ ಸಂಚರಿಸುವುದುಂಟು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ವಿಜ್ಞಾನದ ಪರಿಭಾಷೆಯು ಬೆಳೆಯುತ್ತಲೇ ಬಂದಿದೆ. ಆದರೂ ಜೀವಶಾಸ್ತ್ರದ ಮೂರು ಶಬ್ದಗಳು ಇಂದಿಗೂ ಒಂದರ ಸ್ಥಾನದಲ್ಲಿ ಇನ್ನೊಂದು ಪ್ರಯೋಗವಾಗುತ್ತಿರುವುದು ಪಠ್ಯಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಕಾಣುತ್ತದೆ. ಅವು ಉತ್ಪರಿವರ್ತನೆ, ಹೊಂದಾಣಿಕೆ, ವಿಕಾಸ ಎಂಬುವು. ಈ ಮೂರರ ಭೇದವೇನು, ಆ ಭೇದವನ್ನು ಕನ್ನಡ ವಾಕ್ಯವು ಕಾಪಾಡುತ್ತಿದೆಯೇ ಇಲ್ಲವೇ ಎಂಬುದೇ ಪ್ರಕೃತ ವಿಚಾರ.

ಇದು ಕೇವಲ ಶಬ್ದಕಲಹವೆಂದು ತಳ್ಳಿಹಾಕತಕ್ಕುದಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಸೀಮೆಯಲ್ಲಿ, ಮಂಡಿಕಲ್ ಮುಂತಾದ ಹೋಬಳಿಗಳಲ್ಲಿ, ರೇಷ್ಮೆ ಹುಳುವೂ ರಾಗಿಯೂ ಒಕ್ಕಲಿನ ಜೀವನಾಧಾರಗಳು. ಹೊಸ ತಳಿಯ ಹುಳುವನ್ನು ಮನೆಗೆ ತಂದ ಬೆಳೆಗಾರನು ‘ಎರಡು ಬೆಳೆ ಕಳೆದರೆ ಈ ಬಿಸಿಲಿಗೆ ತಾನೇ ಒಗ್ಗುತ್ತದೆ’ ಎಂದು ಭಾವಿಸಿದನಾದರೆ, ಆ ಭಾವನೆಯೊಳಗೆ ಮೇಲೆ ಹೇಳಿದ ಮೂರು ಶಬ್ದಗಳ ಸಂಕರವೇ ಅಡಗಿದೆ. ಅದರ ಫಲವು ಗೂಡಿನ ತೂಕದಲ್ಲಿ ಗೊತ್ತಾಗುತ್ತದೆ. ಆದುದರಿಂದ ದೃಷ್ಟಾಂತಗಳನ್ನು ಈ ಸೀಮೆಯ ಹುಳುವಿನಿಂದಲೇ ತೆಗೆದುಕೊಳ್ಳುವುದು ಯುಕ್ತವಾಗಿದೆ.

ಮೊದಲು ‘ರೂಪಾಂತರ’ವೆಂಬ ಒಂದು ಶಬ್ದವನ್ನು ಬದಿಗಿಡಬೇಕು. ಕೊರೋನಾ ವ್ಯಾಧಿಯ ಕಾಲದಿಂದ ‘ರೂಪಾಂತರಿ ವೈರಾಣು’ವೆಂಬ ಪ್ರಯೋಗವು ಮನೆಮಾತಾಯಿತು. ಆದರೆ ರೇಷ್ಮೆ ಬೆಳೆಯುವವರಿಗೆ ರೂಪಾಂತರವೆಂದರೆ ಕಣ್ಣೆದುರಿನ ಸಂಗತಿ: ಹುಳುವು ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟಿ, ಕೋಶವಾಗಿ, ಪತಂಗವಾಗುವುದು. ಇಲ್ಲಿ ರೂಪವು ಎಷ್ಟು ಬದಲಾದರೂ ಹುಳುವಿನ ಜೀನುಗಳಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ವೈರಾಣುವಿನಲ್ಲಿಯಾದರೋ ರೂಪವು ಅಷ್ಟಾಗಿ ಬದಲಾಗದೆ ಅಕ್ಷರವೇ ಬದಲಾಗುತ್ತದೆ. ಪರಸ್ಪರ ವಿರುದ್ಧವಾದ ಈ ಎರಡು ಅರ್ಥಗಳಿಗೂ ಒಂದೇ ಶಬ್ದವನ್ನು ಬಳಸುವುದು ವಿದ್ಯಾರ್ಥಿಯ ಬುದ್ಧಿಯನ್ನು ಮೊದಲ ಮೆಟ್ಟಿಲಿನಲ್ಲಿಯೇ ತಪ್ಪಿಸಿದಂತೆ.

ಈಗ ಉತ್ಪರಿವರ್ತನೆಯ ವಿಚಾರ. ಹ್ಯೂಗೋ ಡ ವ್ರೀಸ್ ಎಂಬ ವಿದ್ವಾಂಸನು 1901ರಲ್ಲಿ ಈ ತತ್ತ್ವವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. 1927ರಲ್ಲಿ ಮುಲ್ಲರನು ಎಕ್ಸ್‌ಕಿರಣಗಳಿಂದ ಹಣ್ಣಿನ ನೊಣದಲ್ಲಿ ಅದನ್ನು ಉಂಟುಮಾಡಬಹುದೆಂದು ತೋರಿಸಿದನು. ಜೀನಿನ ಲಿಪಿಯನ್ನು ಪ್ರತಿಮಾಡುವಾಗ ಬೀಳುವ ಅಕ್ಷರಸ್ಖಾಲಿತ್ಯವೇ ಇದರ ಸ್ವರೂಪ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಶೋಧನೆ ಮಾಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಲಿಪಿಕಾರನ ತಪ್ಪಿಗೆ ಕಾರಣವುಂಟು: ಕಣ್ಣು ಜಾರಿತು, ಗರಿ ಹರಿದಿತ್ತು. ಆದರೆ ಆ ತಪ್ಪಿಗೆ ಪ್ರಯೋಜನಾಪೇಕ್ಷೆಯಿಲ್ಲ. ಮುಂದಿನ ಓದುಗನಿಗೆ ಅನುಕೂಲವಾಗಲೆಂದು ಅವನು ತಪ್ಪಲಿಲ್ಲ. ಹಾಗೆಯೇ ಉತ್ಪರಿವರ್ತನೆಯು ಸಹೇತುಕವಾದುದೇ ಹೊರತು ಸಪ್ರಯೋಜನವಾದುದಲ್ಲ. ಅದನ್ನು ‘ಆಕಸ್ಮಿಕ’ವೆಂದು ಕರೆಯುವಾಗ ಈ ವಿವೇಕವನ್ನು ಮರೆಯಬಾರದು; ಕಾರಣವೇ ಇಲ್ಲದುದೆಂಬುದು ಆ ಶಬ್ದದ ಅರ್ಥವಲ್ಲ, ಪ್ರಾಣಿಯ ಅವಶ್ಯಕತೆಯು ಅದಕ್ಕೆ ಕಾರಣವಲ್ಲವೆಂಬುದೇ ಅರ್ಥ. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರೂಕ್ ಎಂಬಿಬ್ಬರು ಬ್ಯಾಕ್ಟೀರಿಯಗಳ ಮೇಲೆ ಮಾಡಿದ ಪರೀಕ್ಷೆಯು ಇದನ್ನು ಸ್ಥಾಪಿಸಿತು. ಮಾರಕವಾದ ವೈರಾಣುವು ಎದುರಾಗುವುದಕ್ಕೆ ಮೊದಲೇ ಅದನ್ನು ತಡೆಯಬಲ್ಲ ಭೇದವು ಕೆಲವು ಬ್ಯಾಕ್ಟೀರಿಯಗಳಲ್ಲಿ ಹುಟ್ಟಿತ್ತು. ವೈರಾಣುವು ಅದನ್ನು ಹುಟ್ಟಿಸಲಿಲ್ಲ, ಹೊರಗೆಡಹಿತು.

ರೇಷ್ಮೆಯಲ್ಲಿ ಇದರ ಸ್ಫುಟವಾದ ಉದಾಹರಣೆಯು ಗೂಡಿನ ಬಣ್ಣ. ಜಪಾನಿನ ತೊಯಾಮಾ ಕಮೆತಾರೋ ಎಂಬ ಶಾಸ್ತ್ರಜ್ಞನು ಮೆಂಡೆಲನ ನಿಯಮಗಳು ಈ ಹುಳುವಿಗೂ ಅನ್ವಯಿಸುವುವೆಂದು 1906ರಲ್ಲಿಯೇ ತೋರಿಸಿದ್ದನು. ಹಿಪ್ಪುನೇರಳೆ ಎಲೆಯ ಹಳದಿ ವರ್ಣದ್ರವ್ಯವನ್ನು ಕರುಳಿನಿಂದ ರಕ್ತಕ್ಕೂ ರೇಷ್ಮೆಯ ಗ್ರಂಥಿಗೂ ಸಾಗಿಸಲು ನೆರವಾಗುವ ಪ್ರೋಟೀನೊಂದುಂಟೆಂದೂ, ಅದರ ಜೀನು ಭಗ್ನವಾದ ಹುಳುವಿನಲ್ಲಿ ಹಳದಿಯು ನೂಲನ್ನು ಸೇರದೆ ಗೂಡು ಬಣ್ಣಗೆಡುವುದೆಂದೂ 2007ರಲ್ಲಿ ಪ್ರಕಟವಾಯಿತು. ಎಲೆ ಅದೇ, ತಟ್ಟೆ ಅದೇ, ಹುಳುವಿನ ಹಸಿವು ಅದೇ, ಭೇದವಾದುದು ಲಿಪಿಯಲ್ಲಿ. ಈ ಭೇದದಿಂದ ಹುಳುವಿಗೆ ಲಾಭವುಂಟೆಂದು ಹೇಳಲಾಗದು. ಲಾಭವನ್ನು ಕಂಡವನು ಬಿಳಿಯ ನೂಲನ್ನು ಬಯಸಿದ ಮನುಷ್ಯನು.

ಎರಡನೆಯದಾದ ‘ಹೊಂದಾಣಿಕೆ’ಯಲ್ಲಿ ದೋಷವು ಹೆಚ್ಚು ಸೂಕ್ಷ್ಮವಾಗಿದೆ, ಏಕೆಂದರೆ ಅದು ಶಬ್ದದಲ್ಲಿರುವುದಕ್ಕಿಂತ ಕ್ರಿಯಾಪದದಲ್ಲಿದೆ. ‘ಹುಳುವು ಈ ಹವೆಗೆ ಹೊಂದಿಕೊಂಡಿತು’ ಎಂಬುದು ಎಲ್ಲರೂ ಬರೆಯುವ ವಾಕ್ಯ. ಕನ್ನಡದಲ್ಲಿ ‘ಕೊಳ್ಳು’ ಎಂಬ ಅನುಪ್ರಯೋಗವು ಸಂಸ್ಕೃತದ ಆತ್ಮನೇಪದದಂತೆ ಕ್ರಿಯಾಫಲವು ಕರ್ತೃವಿಗೇ ಸೇರುವುದನ್ನು ಬಹುಮಟ್ಟಿಗೆ ಸೂಚಿಸುತ್ತದೆ. ‘ಅಡಿಗೆ ಮಾಡಿದನು’ ಎಂಬುದಕ್ಕೂ ‘ಅಡಿಗೆ ಮಾಡಿಕೊಂಡನು’ ಎಂಬುದಕ್ಕೂ ಇರುವ ಭೇದವನ್ನು ಮಕ್ಕಳೂ ಬಲ್ಲರು. ಹೀಗಿರಲು ‘ಹೊಂದಿಕೊಂಡಿತು’ ಎಂದೊಡನೆ ಹುಳುವು ಬಿಸಿಲನ್ನು ಕಂಡು, ತನಗಾಗಿ ಯತ್ನಿಸಿ, ತನ್ನನ್ನು ತಿದ್ದಿಕೊಂಡಿತೆಂಬ ಅರ್ಥವು ಬೇಡವೆಂದರೂ ಬಂದು ಕೂಡುತ್ತದೆ.

ಹಾಗಾದರೆ ಪ್ರಾಣಿಯು ಪರಿಸ್ಥಿತಿಗೆ ತಕ್ಕಂತೆ ಬದಲಾಗುವುದೇ ಇಲ್ಲವೇ ಎಂಬ ಆಕ್ಷೇಪವು ಏಳುತ್ತದೆ. ಬದಲಾಗುವುದುಂಟು. ದ್ವಿತಳಿಯ, ಎಂದರೆ ಬೈವೋಲ್ಟೀನ್ ಹುಳುವಿನ ಮೊಟ್ಟೆಯನ್ನು ಸುಮಾರು 25 ಡಿಗ್ರಿ ಉಷ್ಣದಲ್ಲಿ, ಬೆಳಕಿನಲ್ಲಿಟ್ಟು ಒಡೆಯಿಸಿದರೆ, ಅದರಿಂದ ಬೆಳೆದ ಪತಂಗವು ಇಡುವ ಮೊಟ್ಟೆಗಳು ಸುಪ್ತಾವಸ್ಥೆಯನ್ನು ಹೊಂದುತ್ತವೆ. 15 ಡಿಗ್ರಿಯಲ್ಲಿ, ಕತ್ತಲಲ್ಲಿಟ್ಟರೆ ಅವು ಮಲಗದೆ ಕೆಲವೇ ದಿನಗಳಲ್ಲಿ ಒಡೆಯುತ್ತವೆ. ತಾಯಿಯು ಮೊಟ್ಟೆಯಾಗಿದ್ದಾಗ ಕಂಡ ಶೀತೋಷ್ಣವು ಮಗುವಿನ ನಿದ್ರೆಯನ್ನು ನಿರ್ಣಯಿಸುತ್ತದೆ. ಇದಕ್ಕಿಂತ ಆಶ್ಚರ್ಯಕರವಾದ ಬದಲಾವಣೆಯುಂಟೇ? ಆದರೂ ಇಲ್ಲಿ ಜೀನಿನ ಲಿಪಿಯು ತಿದ್ದಲ್ಪಡಲಿಲ್ಲ. ಮುಂದಿನ ಬಾರಿ ಉಷ್ಣವನ್ನು ಬದಲಿಸಿದರೆ ಫಲವೂ ಬದಲಾಗುತ್ತದೆ. ಎರಡು ಮಾರ್ಗಗಳೂ ಆ ತಳಿಯಲ್ಲಿ ಮೊದಲೇ ಇದ್ದುವು. ಶೀತೋಷ್ಣವು ಒಂದನ್ನು ತೆರೆಯಿತು. ಇದನ್ನು ‘ಒಗ್ಗಿಕೆ’ ಎಂದು ಕರೆಯಬಹುದು. ಮೈಸೂರು ತಳಿಯ ಹುಳುವಾದರೋ ಬೇರೆ. ಅದರ ಮೊಟ್ಟೆಗಳು ಯಾವ ಋತುವಿನಲ್ಲಿಯೂ ಮಲಗದೆ ಹತ್ತು ಹನ್ನೆರಡು ದಿನಗಳಲ್ಲಿ ಒಡೆಯುತ್ತವೆ. ಬಿಸಿಲನ್ನೂ ರೋಗವನ್ನೂ ಅದು ಹೆಚ್ಚಾಗಿ ತಾಳುತ್ತದೆ. ಇದು ಆ ತಳಿಯಲ್ಲಿ ಪರಂಪರೆಯಾಗಿ ನೆಲಸಿದ ಗುಣ. ಒಂದು ಹುಳುವು ತನ್ನ ಆಯುಸ್ಸಿನಲ್ಲಿ ಕಲಿತುದಲ್ಲ. ಶಾಸ್ತ್ರವು ನಿಜವಾಗಿ ಹೊಂದಾಣಿಕೆಯೆನ್ನುವುದು ಇದನ್ನೇ. ಒಗ್ಗಿಕೆಗೆ ಆಶ್ರಯವು ವ್ಯಕ್ತಿ. ಹೊಂದಾಣಿಕೆಗೆ ಆಶ್ರಯವು ಕುಲ.

ಪ್ರಾಚೀನ ಗ್ರಂಥಗಳಲ್ಲಿ ವಿಕಾಸವಾದವನ್ನು ಕಾಣಲಿಚ್ಛಿಸುವವರ ಪಕ್ಷವನ್ನೂ ಇಲ್ಲಿಯೇ ಪರೀಕ್ಷಿಸಬಹುದು. ಪಾತಂಜಲ ಯೋಗಶಾಸ್ತ್ರದ ಕೈವಲ್ಯಪಾದದಲ್ಲಿ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಪರಿಣಾಮವಾಗುವ ವಿಷಯವು ಬರುತ್ತದೆ. ಸ್ವಾಮಿ ವಿವೇಕಾನಂದರು 1896ರ ‘ರಾಜಯೋಗ’ದಲ್ಲಿ ಇದಕ್ಕೂ ಆಧುನಿಕ ವಿಕಾಸವಾದಕ್ಕೂ ಸಂಬಂಧ ಕಲ್ಪಿಸಿ, ಆಧುನಿಕರು ಹೇಳುವ ಕಾರಣಗಳು ಸಾಲವೆಂದು ಅಭಿಪ್ರಾಯಪಟ್ಟರು. ಸೂತ್ರಕಾರನು ಕೊಡುವ ದೃಷ್ಟಾಂತವು ಒಕ್ಕಲಿಗನದು: ಅವನು ನೀರನ್ನು ಕೈಯಿಂದ ಎಳೆದುತರುವುದಿಲ್ಲ, ಬದುವನ್ನು ಒಡೆಯುತ್ತಾನೆ; ನೀರು ತಾನೇ ಹರಿಯುತ್ತದೆ. ಕೆರೆಯ ನೀರನ್ನು ಕಂಡ ಈ ಸೀಮೆಯವರಿಗೆ ದೃಷ್ಟಾಂತವು ಅತಿ ಸುಂದರವೇ. ಆದರೆ ಅದು ಯಾವುದಕ್ಕೆ ಅನ್ವಯಿಸುತ್ತದೆ? ನೀರು ಮೇಲಿನ ಗದ್ದೆಯಲ್ಲಿ ಮೊದಲೇ ಇರಬೇಕು. ಬದುವು ಒಡೆದಾಗ ಇದ್ದುದೇ ಹರಿಯುತ್ತದೆ. ಮೇಲೆ ಹೇಳಿದ ದ್ವಿತಳಿಯ ಮೊಟ್ಟೆಗೆ ಇದು ಸರಿಯಾಗಿ ಹೊಂದುತ್ತದೆ. ಡಾರ್ವಿನನ ಮತಕ್ಕೆ ಹೊಂದುವುದಿಲ್ಲ. ಅಲ್ಲಿ ಮುಂದಿನ ಜಾತಿಯು ಹಿಂದಿನದರಲ್ಲಿ ತುಂಬಿ ನಿಂತು ಅಡ್ಡಿಯು ಕಳೆಯುವುದನ್ನು ಕಾಯುತ್ತಿರುವುದಿಲ್ಲ. ಸತ್ಕಾರ್ಯವಾದಿಯಾದ ಸಾಂಖ್ಯನ ಪರಿಣಾಮವು ಬೇರೆ, ಹುಟ್ಟಿದ ಭೇದಗಳಲ್ಲಿ ಕೆಲವು ಉಳಿದು ಹಲವು ಅಳಿಯುವ ಪರಿಣಾಮವು ಬೇರೆ. ದಶಾವತಾರವೇ ವಿಕಾಸಕ್ರಮವೆಂಬ ವಾದವೂ ಹಾಗೆಯೇ. 1877ರಲ್ಲಿ ಬ್ಲಾವಟ್ಸ್ಕಿಯಮ್ಮನೂ 1882ರಲ್ಲಿ ಕೇಶವಚಂದ್ರ ಸೇನರೂ ಅದನ್ನು ಎತ್ತಿದರು. ಇಂದಿಗೂ ಅದು ಭಾಷಣಗಳಲ್ಲಿ ಕೇಳಿಬರುತ್ತದೆ. ಅವತಾರವು ಸಂಕಲ್ಪಪೂರ್ವಕವಾದ ಇಳಿತ. ಮತ್ಸ್ಯನಿಗೆ ಕೂರ್ಮನು ಸಂತಾನವಲ್ಲ. ವಂಶಸಂಬಂಧವಿಲ್ಲದೆ ವಿಕಾಸವೆಲ್ಲಿಯದು? ಈ ಹೋಲಿಕೆಯಿಂದ ಪುರಾಣದ ಗೌರವವೂ ಹೆಚ್ಚದು, ಶಾಸ್ತ್ರದ ತಿಳಿವೂ ಹೆಚ್ಚದು.

ಮೂರನೆಯದು ‘ವಿಕಾಸ’. ಡಾರ್ವಿನನು 1859ರ ತನ್ನ ಗ್ರಂಥದಲ್ಲಿ ‘ಮಾರ್ಪಾಟಿನೊಡನೆ ವಂಶಾನುಕ್ರಮ’ವೆಂಬ ಅರ್ಥದ ಮಾತನ್ನೇ ಆಶ್ರಯಿಸಿ, ಈಗ ಪ್ರಸಿದ್ಧವಾಗಿರುವ ಹೆಸರನ್ನು 1872ರ ಆರನೆಯ ಆವೃತ್ತಿಯಲ್ಲಿ ಮಾತ್ರ ಬಳಸಿದನು. ಆ ಆಂಗ್ಲಶಬ್ದದ ಮೂಲಾರ್ಥವು ಸುರುಳಿ ಬಿಚ್ಚುವುದು. ಕನ್ನಡದ ‘ವಿಕಾಸ’ವೆಂದರೆ ಅರಳುವುದು. ಎರಡರಲ್ಲಿಯೂ ಒಳಗಿದ್ದುದು ಹೊರಬಂದಿತೆಂಬ ಭಾವವಿದೆ; ಕನ್ನಡದಲ್ಲಿ ಸೊಬಗು, ಏಳಿಗೆ ಎಂಬ ಭಾವಗಳೂ ಸೇರಿವೆ. ರೇಷ್ಮೆ ಹುಳುವೇ ಇದಕ್ಕೆ ಪ್ರತ್ಯುದಾಹರಣೆ. ಚೀನದಲ್ಲಿ ಸುಮಾರು 5000 ವರ್ಷಗಳ ಹಿಂದೆ ಕಾಡಿನ ಹುಳುವಿನಿಂದ ಇದು ಬೇರೆಯಾಯಿತು. ಕಾಡಿನ ಪತಂಗವು ಹಾರುತ್ತದೆ. ಮನೆಯ ಪತಂಗವು ರೆಕ್ಕೆ ಬಡಿಯುತ್ತದೆಯೇ ಹೊರತು ಹಾರಲಾರದು. ಕಾಡಿನ ಹುಳುವು ಎಲೆಯನ್ನರಸಿ ಹೋಗುತ್ತದೆ. ಇದು ತಟ್ಟೆಗೆ ಎಲೆ ಬೀಳುವವರೆಗೆ ಇದ್ದಲ್ಲಿಯೇ ಇರುತ್ತದೆ. ಮನುಷ್ಯನು ಹಾರದುದನ್ನೂ ಅಲೆಯದುದನ್ನೂ ದೊಡ್ಡ ಗೂಡು ಕಟ್ಟುವುದನ್ನೂ ಆರಿಸಿ ಮೊಟ್ಟೆಗೆ ಬಿಡುತ್ತ ಬಂದುದರ ಫಲವಿದು. 2009ರಲ್ಲಿ 29 ಸಾಕಿದ ಮಾದರಿಗಳ ಮತ್ತು 11 ಕಾಡಿನ ಮಾದರಿಗಳ ಜೀನ್‌ಲಿಪಿಗಳನ್ನು ಹೋಲಿಸಿದ ಸಂಶೋಧನೆಯಲ್ಲಿ ಈ ಆಯ್ಕೆಯ ಗುರುತುಗಳು ಕಂಡುಬಂದಿವೆ. ಹಾರಾಟವನ್ನು ಕಳೆದುಕೊಂಡುದನ್ನು ಅರಳುವಿಕೆಯೆನ್ನಲು ಯಾರ ನಾಲಗೆಯೂ ಏಳದು. ಆದರೂ ಶಾಸ್ತ್ರದೃಷ್ಟಿಯಿಂದ ಅದು ವಿಕಾಸವೇ; ಏಕೆಂದರೆ ತಲೆಮಾರಿನಿಂದ ತಲೆಮಾರಿಗೆ ಕುಲದಲ್ಲಿ ಜೀನುಗಳ ಪ್ರಮಾಣವು ಬದಲಾಯಿತು. ಮೇಲೇರಿತೋ ಕೆಳಗಿಳಿಯಿತೋ ಎಂಬುದು ಆ ಲಕ್ಷಣದಲ್ಲಿ ಸೇರಿಲ್ಲ.

ಇನ್ನೊಂದು ತಪ್ಪಭಿಪ್ರಾಯವನ್ನು ರಾಗಿಯು ನಿವಾರಿಸುತ್ತದೆ. ಹೊಸ ತಳಿಯೆಲ್ಲವೂ ಹೊಸ ಉತ್ಪರಿವರ್ತನೆಯಿಂದಲೇ ಬರುವುದೆಂದು ಕೆಲವರ ಗ್ರಹಿಕೆ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಅದರ ಮೂಲದೇಶವಾದ ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ನಿರ್ಮಿಸಿದರು. ಅಲ್ಲಿ ಲಿಪಿಯ ಹೊಸ ತಪ್ಪನ್ನು ಕಾಯಬೇಕಾಗಲಿಲ್ಲ. ಎರಡು ಕುಲಗಳಲ್ಲಿ ಹಿಂದೆಯೇ ಸೇರಿದ್ದ ಭೇದಗಳು ಹೊಸದಾಗಿ ಕೂಡಿ, ಆಯ್ಕೆಯಿಂದ ನಿಂತವು. ಆದುದರಿಂದ ಉತ್ಪರಿವರ್ತನೆಯು ಮೂಲಧನ, ಸಂಕರವು ವಿನಿಮಯ, ಆಯ್ಕೆಯು ಲೆಕ್ಕಪರಿಶೋಧನೆ, ವಿಕಾಸವು ವರ್ಷಾಂತ್ಯದ ಪಟ್ಟಿ.

‘ವಿಕಾಸವೆಂಬುದು ರೂಢಿಗೆ ಬಂದುಹೋಗಿದೆ, ರೂಢಿಯು ಯೋಗಾರ್ಥಕ್ಕಿಂತ ಬಲವತ್ತರ, ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವೇ?’ ಎಂದು ಶಾಬ್ದಿಕರು ಕೇಳಬಹುದು. ಸಮಾಧಾನವಿದು: ಶಬ್ದವನ್ನು ಬಿಡಬೇಕಾಗಿಲ್ಲ, ಹೊಸ ಟಂಕಸಾಲೆಯೂ ಬೇಕಾಗಿಲ್ಲ. ವಾಕ್ಯವನ್ನು ತಿದ್ದಿದರೆ ಸಾಕು. ಉತ್ಪರಿವರ್ತನೆಯು ಜೀನಿನಲ್ಲಿ ‘ಆಗುತ್ತದೆ’, ಯಾವುದಕ್ಕಾಗಿಯೂ ಆಗುವುದಿಲ್ಲ. ಒಗ್ಗುವುದು ಒಂದು ಪ್ರಾಣಿ. ಹೊಂದಾಣಿಕೆಯು ಕುಲದಲ್ಲಿ ‘ನೆಲಸುತ್ತದೆ’. ವಿಕಸಿಸುವುದೂ ಕುಲವೇ, ವ್ಯಕ್ತಿಯಲ್ಲ. ‘ಅನ್ನವು ತಾನೇ ಬೇಯುತ್ತದೆ’ ಎಂಬಲ್ಲಿ ಕರ್ಮವಾದ ಅನ್ನವೇ ಕರ್ತೃವಿನಂತೆ ತೋರುವುದನ್ನು ವೈಯಾಕರಣರು ಕರ್ಮಕರ್ತರಿ ಎನ್ನುತ್ತಾರೆ. ‘ಕುಲವು ಬದಲಾಯಿತು’ ಎಂಬ ವಾಕ್ಯವನ್ನೂ ಹಾಗೆಯೇ ಓದಬೇಕು. ಬೇಯಿಸಿದ ಬೆಂಕಿಯು ಆಯ್ಕೆ.

2023ರಲ್ಲಿ ರಾಷ್ಟ್ರೀಯ ಪಠ್ಯಗಳ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದುಹಾಕಿದುದನ್ನು 1800ಕ್ಕೂ ಮೇಲ್ಪಟ್ಟ ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗವಾಗಿ ಆಕ್ಷೇಪಿಸಿದರು. ಆ ಆಕ್ಷೇಪವು ನ್ಯಾಯವಾದುದೇ. ಆದರೆ ಪಾಠವು ಮರಳಿ ಬಂದರೂ ‘ಬಿಸಿಲಿಗಾಗಿ ಬದಲಾಯಿತು’ ಎಂದೇ ಅದು ಬೋಧಿಸಿದರೆ ಲಾಭವು ಅರ್ಧವಾಗಿ ನಿಲ್ಲುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ಮಿಶ್ರತಳಿಯ ಗೂಡಿನಿಂದ ಮೊಟ್ಟೆಯನ್ನು ಮನೆಯಲ್ಲಿಯೇ ಏಕೆ ಉಳಿಸಿಕೊಳ್ಳಬಾರದು, ಮುಂದಿನ ತಲೆಮಾರಿನಲ್ಲಿ ಗುಣಗಳು ಏಕೆ ಚದರಿಹೋಗುತ್ತವೆ, ದ್ವಿತಳಿಯ ಹುಳುವಿಗೆ ಬೇಸಗೆಯಲ್ಲಿ ಮನೆಯನ್ನೇ ಏಕೆ ತಂಪುಮಾಡಬೇಕು, ಎಂಬ ಪ್ರಶ್ನೆಗಳಿಗೆ ಉತ್ತರವು ಈ ಮೂರು ಶಬ್ದಗಳ ವಿವೇಕದಲ್ಲಿಯೇ ಇದೆ. ಒಂದು ಸ್ವರವು ತಪ್ಪಿದರೆ ಮಂತ್ರವು ಯಜಮಾನನನ್ನೇ ಕೆಡಿಸುವುದೆಂದು ಹಿರಿಯರು ಎಚ್ಚರಿಸಿದರು. ‘ಇಂದ’ ಎನ್ನಬೇಕಾದಲ್ಲಿ ‘ಗಾಗಿ’ ಎಂದರೆ ಇಲ್ಲಿ ಕೆಡುವುದು ಬೆಳೆ.